ಸೋಲಾರ್ ಪಂಪಿನ ಕನ್ವರ್ಟರ್: ದೋಷವನ್ನು ಲೆಕ್ಕದಿಂದ ಹಿಡಿಯುವ ಬಗೆ

ಬ್ಯಾಡಗಿಯಲ್ಲೋ ರೋಣದಲ್ಲೋ ಸೋಲಾರ್ ಪಂಪ್ ನಿಂತರೆ ರೈತ ಪ್ಯಾನೆಲ್ಲಿನ ವಿದ್ಯುತ್ತನ್ನು ಪಂಪಿಗೆ ಹೊಂದಿಸಿ ಕೊಡುವ ಕನ್ವರ್ಟರ್ ಪೆಟ್ಟಿಗೆ ಬಿಚ್ಚಿಕೊಂಡು ಹುಬ್ಬಳ್ಳಿಯ ದಾರಿ ಹಿಡಿಯುತ್ತಾನೆ. ಕೆಟ್ಟದ್ದು ಒಳಗಿನ ಒಂದೇ ಎಲೆಕ್ಟ್ರಾನಿಕ್ ಸ್ವಿಚ್ ಆಗಿದ್ದರೂ ಎಷ್ಟೋ ಸಲ ಇಡೀ ಕಾರ್ಡ್ ಬದಲಾಗುತ್ತದೆ. ಅಷ್ಟರಲ್ಲಿ ಮೆಣಸಿನ ಗಿಡ ಬಾಡಿರುತ್ತದೆ. ಈ ನಷ್ಟ ಅನಿವಾರ್ಯವೆಂದು ನಾನು ಒಪ್ಪುವುದಿಲ್ಲ. ಸರ್ಕ್ಯೂಟ್ ಹೇಗೆ ನಡೆಯಬೇಕೆಂದು ಹೇಳುವ ಸಮೀಕರಣವನ್ನೇ ಅದರ ಕಾವಲಿಗೆ ನಿಲ್ಲಿಸಬಹುದು. ವಿದ್ಯಾನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಮೈಕ್ರೊಕಂಟ್ರೋಲರ್ (ಚಿಪ್ ರೂಪದ ಪುಟ್ಟ ಕಂಪ್ಯೂಟರ್) ಇಟ್ಟುಕೊಂಡು ಮಾಡಬಹುದಾದ ಕೆಲಸವಿದು.

ಮೊದಲು ಮಾದರಿ, ಅಂದರೆ ಸರ್ಕ್ಯೂಟಿನ ಸಮೀಕರಣ, ಬರೆಯಿರಿ. ಉದಾಹರಣೆಗೆ, ಪ್ಯಾನೆಲ್‌ಗಳ 300 ವೋಲ್ಟನ್ನು 600 ವೋಲ್ಟಿಗೆ ಏರಿಸುವ ಬೂಸ್ಟ್ ಕನ್ವರ್ಟರ್ ತೆಗೆದುಕೊಳ್ಳೋಣ. ಇಂಡಕ್ಟರ್ (ಕರೆಂಟಿನ ದಿಢೀರ್ ಬದಲಾವಣೆಯನ್ನು ತಡೆಯುವ ಸುರುಳಿ) 2 ಮಿಲಿಹೆನ್ರಿ, ಸ್ವಿಚಿಂಗ್ 10 ಕಿಲೊಹರ್ಟ್ಸ್, ಸರಾಸರಿ ಕರೆಂಟ್ 15 ಆಂಪಿಯರ್. ಅಂದರೆ ಆನ್-ಆಫ್‌ನ ಒಂದು ಆವರ್ತ 100 ಮೈಕ್ರೊಸೆಕೆಂಡ್; ವೋಲ್ಟೇಜ್ ಇಮ್ಮಡಿಯಾಗಲು ಅದರಲ್ಲಿ ಅರ್ಧ ಹೊತ್ತು ಸ್ವಿಚ್ ಆನ್ ಇರಬೇಕು. ಸ್ವಿಚ್ ಆನ್ ಆದಾಗ ಇಂಡಕ್ಟರ್ ಮೇಲೆ 300 ವೋಲ್ಟ್ ಬೀಳುತ್ತದೆ; ಅದನ್ನು 2 ಮಿಲಿಹೆನ್ರಿಯಿಂದ ಭಾಗಿಸಿದರೆ ಮಿಲಿಸೆಕೆಂಡಿಗೆ 150 ಆಂಪಿಯರ್ ಏರಿಕೆ. ಅಂದರೆ 50 ಮೈಕ್ರೊಸೆಕೆಂಡಿನಲ್ಲಿ 7.5 ಆಂಪಿಯರ್. ಆಫ್ ಆದಾಗ ಅಷ್ಟೇ ವೇಗದಲ್ಲಿ ಇಳಿಕೆ.

ನಂತರ ಅಳತೆ. ಪ್ಯಾನೆಲ್ ವೋಲ್ಟೇಜ್, ಔಟ್‌ಪುಟ್ ವೋಲ್ಟೇಜ್, ಇಂಡಕ್ಟರ್ ಕರೆಂಟ್ ಈ ಮೂರು ಸಾಕು. ಕರೆಂಟಿಗೆ ಹಾಲ್ ಸೆನ್ಸರ್ (ತಂತಿಯ ಸುತ್ತಲಿನ ಕಾಂತಕ್ಷೇತ್ರದಿಂದ ಕರೆಂಟ್ ಅಳೆಯುವ ಸಾಧನ) ಬಳಸಿ. ವಿದ್ಯುತ್ ಕಡಿತಗೊಳಿಸಿದ ಮೇಲೂ ಔಟ್‌ಪುಟ್ ಬದಿಯಲ್ಲಿ ವಿದ್ಯುತ್ ಕೂಡಿಡುವ ಕೆಪಾಸಿಟರಿನಲ್ಲಿ 600 ವೋಲ್ಟ್ ಉಳಿದಿರಬಹುದು, ಅದು ಪ್ರಾಣ ತೆಗೆಯಬಲ್ಲದು. ಮೀಟರ್ ಹಿಡಿದು ಖಚಿತಪಡಿಸಿಕೊಳ್ಳದೆ ಒಳಗೆ ಕೈ ಹಾಕಲೇಬಾರದು.

ಅಳೆದ ವೋಲ್ಟೇಜುಗಳನ್ನು ಪ್ರತಿ ಕ್ಷಣವೂ ಮಾದರಿಗೆ ಕೊಟ್ಟು ಬರಬೇಕಾದ ಕರೆಂಟನ್ನು ಲೆಕ್ಕ ಹಾಕಿ, ನಿಜವಾಗಿ ಹರಿಯುವ ಕರೆಂಟಿನಿಂದ ಕಳೆಯಿರಿ. ಈ ವ್ಯತ್ಯಾಸಕ್ಕೆ ಶೇಷ ಎಂದು ಹೆಸರು. ಈ ವಿಧಾನದ ನಿಜವಾದ ಬಲ ಇಲ್ಲೇ ಇದೆ. ಕರೆಂಟ್ ಕಡಿಮೆಯಾಯಿತೆಂದು ಮಾತ್ರ ನೋಡುವ ಸಾಧನ ಹಾವೇರಿಯ ಮಳೆಗಾಲದಲ್ಲಿ ಮೋಡ ಕವಿದಾಗಲೆಲ್ಲ ಸುಳ್ಳು ಎಚ್ಚರಿಕೆ ಕೊಡುತ್ತದೆ. ನಮ್ಮ ಮಾದರಿಗೆ ಪ್ಯಾನೆಲ್ ವೋಲ್ಟೇಜ್ ತಿಳಿದಿರುವುದರಿಂದ ಮೋಡ ಬಂದರೆ ಅದರ ಲೆಕ್ಕವೂ ಜೊತೆಯಲ್ಲೇ ಬದಲಾಗುತ್ತದೆ, ಶೇಷ ಸೊನ್ನೆಯ ಹತ್ತಿರವೇ ಉಳಿಯುತ್ತದೆ.

ಆದರೂ ಪೂರ್ತಿ ಸೊನ್ನೆ ಆಗದು. ಕರೆಂಟ್ ಹೆಚ್ಚಿದಂತೆ, ಬಿಸಿ ಏರಿದಂತೆ ಇಂಡಕ್ಟರಿನ ಮೌಲ್ಯ ಸ್ವಲ್ಪ ಕುಗ್ಗುತ್ತದೆ, ಸೆನ್ಸರಿಗೂ ತನ್ನದೇ ತಪ್ಪಿರುತ್ತದೆ. ಶೇಕಡಾ 10ರಷ್ಟು ಕುಗ್ಗಿದರೆ ಸುಮಾರು 0.8 ಆಂಪಿಯರ್ ಶೇಷ ಬರುತ್ತದೆ. ಹಾಗಾಗಿ ಮಿತಿಯನ್ನು 3 ಆಂಪಿಯರಿಗೆ ಇಡೋಣ. ಸ್ವಿಚ್ ಆನ್ ಆಗದೆ ತೆರೆದೇ ಉಳಿದರೆ ಏರಬೇಕಾದ ಕರೆಂಟ್ ಇಳಿಯತೊಡಗುತ್ತದೆ. ಮಿಲಿಸೆಕೆಂಡಿಗೆ 300 ಆಂಪಿಯರ್ ವೇಗದಲ್ಲಿ ಬೆಳೆಯುವ ಶೇಷ 10 ಮೈಕ್ರೊಸೆಕೆಂಡಿನಲ್ಲೇ ಮಿತಿ ದಾಟುತ್ತದೆ. ಸತತ ಎರಡು ಆವರ್ತಗಳಲ್ಲಿ ದಾಟಿದರೆ ಮಾತ್ರ ದೋಷವೆಂದು ಘೋಷಿಸಿ. ಗದ್ದಲದ ಸಿಗ್ನಲ್ ಮೋಸ ಮಾಡದು.

ಇನ್ನು ಯಾವ ದೋಷವೆಂಬುದನ್ನು ಶೇಷದ ಚಿಹ್ನೆಯೇ ಹೇಳುತ್ತದೆ. ಆನ್ ಆದೇಶವಿದ್ದಾಗ ಅಳತೆ ಲೆಕ್ಕಕ್ಕಿಂತ ಕಡಿಮೆ ಬಂದರೆ ಸ್ವಿಚ್ ತೆರೆದಿದೆ ಅಥವಾ ಸ್ವಿಚ್ಚಿಗೆ ಆದೇಶ ಮುಟ್ಟಿಸುವ ಗೇಟ್ ಡ್ರೈವರ್ ಸತ್ತಿದೆ. ಆಫ್ ಆದೇಶವಿದ್ದರೂ ಕರೆಂಟ್ ಇಳಿಯದಿದ್ದರೆ ಸ್ವಿಚ್ ಶಾರ್ಟ್ ಆಗಿದೆ, ಅಂದರೆ ಆನ್ ಸ್ಥಿತಿಯಲ್ಲೇ ಅಂಟಿಕೊಂಡಿದೆ. ಶಾರ್ಟ್ ಆದರೆ ಫ್ಯೂಸ್ ಹಾರುತ್ತದಲ್ಲ ಎನ್ನುವವರಿದ್ದಾರೆ. ಪ್ಯಾನೆಲ್‌ಗಳ ಶಾರ್ಟ್ ಸರ್ಕ್ಯೂಟ್ ಕರೆಂಟ್ ಮಾಮೂಲಿ ಕರೆಂಟಿಗಿಂತ ಸ್ವಲ್ಪವೇ ಹೆಚ್ಚು. ಆದ್ದರಿಂದ ಫ್ಯೂಸನ್ನು ನಂಬಿ ಕೂರುವಂತಿಲ್ಲ.

ಕೆಪಾಸಿಟರ್ ಮಾತ್ರ ನಿಧಾನವಾಗಿ ಸಾಯುತ್ತದೆ. ಎಲೆಕ್ಟ್ರೊಲೈಟಿಕ್ ಬಗೆಯದು 10 ಡಿಗ್ರಿ ಬಿಸಿ ಹೆಚ್ಚಿದರೆ ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಕಬ್ಬಿಣದ ಪೆಟ್ಟಿಗೆಯೊಳಗೆ ಅದರ ಗತಿ ಊಹಿಸಿ. ವೋಲ್ಟೇಜ್ ಇಮ್ಮಡಿಯಾದ್ದರಿಂದ ಔಟ್‌ಪುಟ್ ಕರೆಂಟ್ 15ರ ಅರ್ಧ; ಸ್ವಿಚ್ ಆನ್ ಇದ್ದಾಗ ಈ 7.5 ಆಂಪಿಯರ್ ಹೊರೆಯನ್ನು ಕೆಪಾಸಿಟರೊಂದೇ ಹೊರುತ್ತದೆ. 470 ಮೈಕ್ರೊಫ್ಯಾರಡ್ ಸರಿಯಾಗಿದ್ದರೆ ಆ 50 ಮೈಕ್ರೊಸೆಕೆಂಡಿನಲ್ಲಿ ವೋಲ್ಟೇಜ್ ಸುಮಾರು 0.8 ವೋಲ್ಟ್ ಇಳಿಯಬೇಕು. ಇಳಿಕೆ 1 ವೋಲ್ಟ್ ಮುಟ್ಟಿತೆಂದರೆ ಧಾರಣಶಕ್ತಿ ಶೇಕಡಾ 20 ಕುಗ್ಗಿದೆ ಎಂದರ್ಥ. ಪಂಪ್ ಇನ್ನೂ ಓಡುತ್ತಿದ್ದರೂ ಬೇಸಿಗೆಗೆ ಮೊದಲೇ ಅದೊಂದನ್ನು ಬದಲಿಸಿ.