ಅಡಿಕೆ ಸುಲಿಯುತ್ತಾ ಲೋಕಸಭೆ ಕೇಳುವುದು ಹೇಗೆ

ಸಂಸತ್ತಿನ ಚಳಿಗಾಲದ ಅಧಿವೇಶನವೂ ನಮ್ಮ ಅಡಿಕೆ ಕೊಯ್ಲೂ ಹೆಚ್ಚುಕಮ್ಮಿ ಒಟ್ಟಿಗೇ ಬರುತ್ತವೆ. ಅಲ್ಲಿ ಸದನ ಸೇರುವ ಹೊತ್ತಿಗೆ ತೀರ್ಥಹಳ್ಳಿ ಕಡೆಯ ನಮ್ಮ ಮನೆ ಜಗಲಿಯಲ್ಲಿ ಹಸಿ ಅಡಿಕೆ ರಾಶಿ ಬಿದ್ದಿರುತ್ತದೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತ ಮೇಲೆ ಆಚೀಚೆ ನೋಡುವ ಹಾಗಿಲ್ಲ, ನೋಡಿದರೆ ಬೆರಳು ಹೋಗುತ್ತದೆ. ಹಾಗಾಗಿ ನಾನು ಲೋಕಸಭೆಯನ್ನು ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ. ಫೋನನ್ನು ಅಡಿಕೆ ಬುಟ್ಟಿಗೆ ಒರಗಿಸಿ, ಯೂಟ್ಯೂಬ್‌ನಲ್ಲಿ ಸಂಸದ್ ಟಿವಿ ಹಾಕಿ, ಕೆಲಸ ಶುರು ಮಾಡುತ್ತೇನೆ. ಕೇಳಿ ಕೇಳಿ ಅಭ್ಯಾಸವಾಗಿದೆ. ಯಾವ ಸದ್ದಿಗೆ ತಲೆ ಎತ್ತಬೇಕು, ಯಾವುದಕ್ಕೆ ಬೇಡ ಅಂತ ಈಗ ಗೊತ್ತು. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲ ಕೆಲಸ ಹಿಂದಿನ ಸಂಜೆಯದ್ದು. ಸಂಸದ್ ಡಾಟ್ ಇನ್ ಅಂತ ಸಂಸತ್ತಿನದ್ದೇ ವೆಬ್‌ಸೈಟ್ ಇದೆ. ಅಲ್ಲಿ ಲೋಕಸಭೆಯ ಭಾಗಕ್ಕೆ ಹೋಗಿ ಕಲಾಪಪಟ್ಟಿ ತೆಗೆಯಿರಿ. ನಾಳೆ ಯಾವ ಮಂತ್ರಿ ಏನು ಮಂಡಿಸುತ್ತಾರೆ, ಯಾವ ಮಸೂದೆ ಚರ್ಚೆಗೆ ಬರುತ್ತದೆ, ಎಲ್ಲ ಕ್ರಮವಾಗಿ ಇರುತ್ತದೆ. ಇದನ್ನು ಓದದೆ ಟಿವಿ ಹಾಕಿದರೆ ಬರೀ ಗಲಾಟೆ ಕೇಳಿಸುತ್ತದೆ. ಮದುವೆ ಮನೆಗೆ ಹೋಗುವ ಮುಂಚೆ ಕರೆಯೋಲೆ ನೋಡಿಕೊಳ್ಳಲ್ವಾ, ಇದೂ ಹಾಗೇ. ಆದರೆ ಪಟ್ಟಿಯಲ್ಲಿದ್ದದ್ದೆಲ್ಲ ನಡೆದೇ ಬಿಡುತ್ತದೆ ಅಂತ ನಂಬಬೇಡಿ. ಗದ್ದಲವಾಗಿ ಹನ್ನೊಂದೂಕಾಲಿಗೇ ಸದನ ಮುಂದೂಡಿದ ದಿನ ನಾನು ಫೋನ್ ಆರಿಸಿ ಹಳೆ ಹಾಡು ಹಾಕಿಕೊಂಡಿದ್ದೇನೆ.

ಬೆಳಗ್ಗೆ ಹನ್ನೊಂದಕ್ಕೆ ಪ್ರಶ್ನೋತ್ತರ. ಇದು ನಮ್ಮಂಥವರಿಗೆ ದಿನದ ಒಳ್ಳೆಯ ಹೊತ್ತು. ಪ್ರಶ್ನೆಗಳಲ್ಲಿ ಎರಡು ಜಾತಿ. ಚುಕ್ಕೆ ಗುರುತಿನವು ದಿನಕ್ಕೆ 20, ಅವಕ್ಕೆ ಮಂತ್ರಿ ಎದ್ದು ನಿಂತು ಉತ್ತರ ಕೊಡಬೇಕು. ಸದಸ್ಯರು ಅದರ ಬೆನ್ನಿಗೇ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದವು 230, ಅವಕ್ಕೆ ಉತ್ತರ ಕಾಗದದ ಮೇಲೆ ಮಾತ್ರ. ನಮ್ಮ ಭಾವ ಮೊದಲ ಸಲ ಇದನ್ನು ಕೇಳಿದಾಗ, 'ಚುಕ್ಕೆ ಅಂದರೆ ಎಲೆಚುಕ್ಕೆ ರೋಗದ್ದಾ?' ಅಂದಿದ್ದರು. ತೋಟದವರ ತಲೆ ಓಡುವುದೇ ಹಾಗೆ.

20ರಲ್ಲಿ ಒಂದು ಗಂಟೆಯೊಳಗೆ ಬಾಯಿಮಾತಿನ ಉತ್ತರ ಸಿಗುವುದು ಕೆಲವಕ್ಕೆ ಮಾತ್ರ. ಹಾಗಾಗಿ ನಿಮ್ಮ ವಿಷಯ ಟಿವಿಯಲ್ಲಿ ಬರಲಿಲ್ಲ ಅಂತ ಬೇಜಾರು ಬೇಡ. ಚುಕ್ಕೆ ಇಲ್ಲದ ಪ್ರಶ್ನೆಗಳ ಉತ್ತರದಲ್ಲೇ ಸರಕು ಜಾಸ್ತಿ. ಅದೇ ವೆಬ್‌ಸೈಟಿನ ಪ್ರಶ್ನೆಗಳ ಭಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಅರೆಕಾನಟ್' ಅಂತ ಹಾಕಿ ಹುಡುಕಿ ನೋಡಿ. ಆಮದು ಎಷ್ಟಾಯಿತು, ಎಲ್ಲಿಂದ ಬಂತು, ರೋಗಕ್ಕೆ ಏನು ಮಾಡಿದ್ದಾರೆ ಅಂತ ಸದಸ್ಯರು ಕೇಳುತ್ತಲೇ ಇರುತ್ತಾರೆ. ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. ಮಂಡಿಯಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಮಂತ್ರಿ ಸದನಕ್ಕೆ ಕೊಟ್ಟ ಉತ್ತರ ಕೈಯಲ್ಲಿದ್ದರೆ ವಾದ ಅರ್ಧ ಮುಗಿದ ಹಾಗೆ. ನೀವು ತೆಂಗು, ಕಾಫಿ, ರೈಲು, ಏನು ಬೇಕಾದರೂ ಹುಡುಕಿ.

ಒಂದು ಎಚ್ಚರಿಕೆ. ರಾಜ್ಯಸಭೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಶೂನ್ಯ ವೇಳೆ, ಅಂದರೆ ಸದಸ್ಯರು ತಮ್ಮ ಊರುಕೇರಿಯ ವಿಷಯ ಎತ್ತುವ ಹೊತ್ತು, ಮೊದಲು; ಪ್ರಶ್ನೋತ್ತರ ಹನ್ನೆರಡಕ್ಕೆ. ಸಂಸದ್ ಟಿವಿಯಲ್ಲಿ ಎರಡು ಸದನಕ್ಕೂ ಬೇರೆ ಬೇರೆ ಚಾನೆಲ್. ನಾನು ಒಂದಿಡೀ ಬೆಳಗ್ಗೆ ತಪ್ಪು ಸದನ ಹಾಕಿಕೊಂಡು, 'ಇವತ್ಯಾಕೆ ಸ್ಪೀಕರ್ ಧ್ವನಿ ಬೇರೆ ಇದೆ' ಅಂತ ಯೋಚಿಸುತ್ತಾ ಕೂತಿದ್ದೆ.

ಲೋಕಸಭೆಯಲ್ಲಿ ಹನ್ನೆರಡಾದ ಮೇಲೆ ಮಂತ್ರಿಗಳು ಒಬ್ಬರ ಹಿಂದೆ ಒಬ್ಬರು ಎದ್ದು ಕಾಗದಪತ್ರ ಸದನದ ಮುಂದೆ ಇಡುತ್ತಾರೆ. ಇದು ಪುರೋಹಿತರು ಗೋತ್ರ ಹೇಳಿದ ಹಾಗೆ ಗಡಗಡ ಓಡುತ್ತದೆ. ಚಹಾ ಮಾಡಿಕೊಳ್ಳಲು ಸರಿಯಾದ ಸಮಯ. ಆಮೇಲೆ ಶೂನ್ಯ ವೇಳೆ. ಈ ಹೆಸರು ನಿಯಮದ ಪುಸ್ತಕದಲ್ಲೇ ಇಲ್ಲ, ರೂಢಿಯಲ್ಲಿ ಬಂದದ್ದು. ಕ್ಷೇತ್ರದ ಸೇತುವೆ, ರೈಲು, ಆಸ್ಪತ್ರೆ ಎಲ್ಲ ಇಲ್ಲೇ ಬರುತ್ತದೆ. ಆಗೊಮ್ಮೆ ಈಗೊಮ್ಮೆ ಕನ್ನಡವೂ ಕಿವಿಗೆ ಬೀಳುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದ್ದನ್ನು ನಮ್ಮ ಮಾವನವರು ತಾವೇ ಅಲ್ಲಿ ಕೂತಿದ್ದ ಹಾಗೆ ಹೇಳುತ್ತಿದ್ದರು. ಈಗ ಸದನದಲ್ಲಿ ಅನುವಾದಕರ ವ್ಯವಸ್ಥೆ ಇದೆ, ಕನ್ನಡದಲ್ಲಿ ಮಾತಾಡಿದರೆ ಯಾರೂ ಬೆರಗಾಗುವುದಿಲ್ಲ.

ಊಟದ ನಂತರ ಸಾಮಾನ್ಯವಾಗಿ ಮಸೂದೆ. ಇಲ್ಲಿಂದ ಕಿವಿ ಚುರುಕಾಗಿರಬೇಕು.

ಮಸೂದೆ ಮೂರು ಹೊಸ್ತಿಲು ದಾಟಬೇಕು. ಮೊದಲು ಮಂಡನೆಗೆ ಒಪ್ಪಿಗೆ. ಇನ್ನೊಂದು ದಿನ, ಪರಿಗಣನೆಗೆ ತೆಗೆದುಕೊಳ್ಳೋಣ ಅನ್ನುವ ಪ್ರಸ್ತಾವ ಮತ್ತು ಚರ್ಚೆ. ಅದಾದ ಮೇಲೆ ಒಂದೊಂದೇ ಖಂಡ, ಅಂದರೆ ಮಸೂದೆಯ ಒಂದೊಂದು ಕಲಮು, ತೆಗೆದುಕೊಂಡು, ಕೊನೆಗೆ ಅಂಗೀಕಾರ. ಚರ್ಚೆ ನಾಲ್ಕು ಗಂಟೆ ನಡೆದರೂ ಖಂಡಗಳ ಭಾಗ ನಾಲ್ಕೈದು ನಿಮಿಷದಲ್ಲಿ ಮುಗಿಯುವುದುಂಟು. ಆದರೆ ನಿಜವಾದ ತೀರ್ಮಾನ ಆಗುವುದು ಅಲ್ಲೇ. ಸ್ಪೀಕರ್ ಒಂದು ಸಂಖ್ಯೆ ಹೇಳುತ್ತಾರೆ, ತಿದ್ದುಪಡಿ ಕೊಟ್ಟವರ ಹೆಸರು ಕರೆಯುತ್ತಾರೆ. ಕೇರಳದ ಕೊಲ್ಲಂನ ಸಂಸದ ಎನ್.ಕೆ. ಪ್ರೇಮಚಂದ್ರನ್ ಅವರ ಹೆಸರು ಇಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಿದ್ದೇ ಬೀಳುತ್ತದೆ ಅಂತ ಗೊತ್ತಿದ್ದೂ ತಿದ್ದುಪಡಿ ತರುವವರನ್ನು ಕಂಡರೆ ನನಗೆ ಮರ್ಯಾದೆ. ಒಂದು ತಮಾಷೆ ಅಂದರೆ ಖಂಡ 2ರಿಂದ ಶುರು ಮಾಡಿ ಕೊನೆಯವರೆಗೆ ಹೋಗಿ, ಖಂಡ 1ಕ್ಕೆ ಆಮೇಲೆ ಬರುತ್ತಾರೆ. ಕಾಯ್ದೆಯ ಹೆಸರು ಇರುವುದು ಅದರಲ್ಲಿ. ಮಗು ಹುಟ್ಟಿದ ಮೇಲಲ್ಲವೇ ನಾಮಕರಣ.

ಪ್ರತಿ ಸಲವೂ ಸ್ಪೀಕರ್ ಕೇಳುತ್ತಾರೆ: ಪರ ಇರುವವರು 'ಹಾಂ' ಅನ್ನಿ, ವಿರೋಧ ಇರುವವರು 'ನಾ' ಅನ್ನಿ. ಒಂದು ಕಡೆಯಿಂದ ಹಾಂ, ಇನ್ನೊಂದು ಕಡೆಯಿಂದ ನಾ. 'ಪ್ರಸ್ತಾವ್ ಸ್ವೀಕೃತ್ ಹುವಾ.' ಮುಗಿಯಿತು. ಇದು ಧ್ವನಿಮತ. ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕುವಷ್ಟರಲ್ಲಿ ಒಂದು ಖಂಡ ದಾಟಿರುತ್ತದೆ.

ಈ ಧ್ವನಿಮತದ ಒಳಗುಟ್ಟು ನನಗೆ ಗೊತ್ತಾದದ್ದು ಭಾವನ ಜೊತೆ ಜಗಳವಾಡಿ. ಕೃಷಿ ಕಾಯ್ದೆಗಳ ಕಾಲ. ಯಾವ ಸಂಸದರು ಪರ, ಯಾರು ವಿರೋಧ ಅಂತ ಮಾತಿಗೆ ಮಾತು ಬೆಳೆದು ಮಸಾಲೆ ದೋಸೆ ಪಂಥವಾಯಿತು. 'ಪಟ್ಟಿ ತೋರಿಸು, ದೋಸೆ ಕೊಡಿಸ್ತೀನಿ' ಅಂದರು. ಮಗನ ಕೈಲಿ ಹುಡುಕಿಸಿದೆ. ಪಟ್ಟಿಯೇ ಇಲ್ಲ! 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಎರಡು ಕೃಷಿ ಮಸೂದೆಗಳು ಪಾಸಾದದ್ದು ಧ್ವನಿಮತದಲ್ಲಿ. ವಿರೋಧ ಪಕ್ಷದವರು ಮತ ಎಣಿಸಿ ಅಂತ ಕೂಗಿದ್ದರು. ಹಾಗೆ ಕೇಳುವವರು ತಮ್ಮ ಜಾಗದಲ್ಲಿ ಇರಬೇಕು ಅನ್ನುವುದು ಸಭೆ ನಡೆಸುತ್ತಿದ್ದ ಪೀಠದ ಉತ್ತರ. ಜಾಗದಲ್ಲೇ ಇದ್ದರು, ಇರಲಿಲ್ಲ ಅಂತ ಆಮೇಲೆ ದೊಡ್ಡ ವಿವಾದವೇ ಆಯಿತು. 2021ರ ನವೆಂಬರ್ 29ರಂದು ಅವೇ ಕಾಯ್ದೆಗಳನ್ನು ವಾಪಸು ಪಡೆದದ್ದೂ ಧ್ವನಿಮತದಲ್ಲೇ, ಅದೂ ಚರ್ಚೆ ಇಲ್ಲದೆ, ಒಂದೇ ದಿನ ಎರಡೂ ಸದನದಲ್ಲಿ. ಧ್ವನಿಮತದಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ಭಾವನೂ ನಾನೂ ಅರ್ಧರ್ಧ ದುಡ್ಡು ಹಾಕಿ ದೋಸೆ ತಿಂದೆವು.

ಹಾಗಾಗಿ ನೀವು ಕಾದು ಕೇಳಬೇಕಾದ ಮಾತು 'ಡಿವಿಷನ್', ಅಂದರೆ ಮತ ಎಣಿಸಿ ಅನ್ನುವುದು. ಧ್ವನಿಮತದ ತೀರ್ಮಾನ ಒಪ್ಪದೆ ಯಾರಾದರೂ ಹಾಗೆ ಕೂಗಿದರೆ ಸ್ಪೀಕರ್ ಲಾಬಿ ಖಾಲಿ ಮಾಡಿಸಲು ಹೇಳುತ್ತಾರೆ. ಗಂಟೆ ಬಾರಿಸುತ್ತದೆ. ಹೊರಗೆ ಕ್ಯಾಂಟೀನಿನಲ್ಲಿ, ಪಡಸಾಲೆಯಲ್ಲಿ ಇರುವವರು ಓಡಿ ಬರಲು ಮೂರೂವರೆ ನಿಮಿಷ. ಆಮೇಲೆ ಬಾಗಿಲು ಬಂದ್. ಈ ಗಂಟೆ ಕೇಳಿದರೆ ನಾನೂ ಮೆಟ್ಟುಗತ್ತಿಯಿಂದ ಏಳುತ್ತೇನೆ, ಕೈಯ ಚೊಗರು ಸೆರಗಿಗೆ ಒರೆಸಿಕೊಂಡು ಫೋನ್ ಎತ್ತಿಕೊಳ್ಳುತ್ತೇನೆ. ಕೋರಂ, ಅಂದರೆ ಸದನ ನಡೆಯಲು ಬೇಕಾದ ಕನಿಷ್ಠ ಹಾಜರಿ, ಇಲ್ಲದಾಗಲೂ ಗಂಟೆ ಬಾರಿಸುತ್ತಾರೆ, ಗೊಂದಲ ಬೇಡ. ಲೋಕಸಭೆಯ ಕೋರಂ ಹತ್ತರಲ್ಲಿ ಒಂದು ಪಾಲು, ಅಂದರೆ 55 ಜನ.

ಸ್ಪೀಕರ್‌ಗೆ ಇನ್ನೊಂದು ದಾರಿಯೂ ಇದೆ. ಸುಮ್ನೆ ಡಿವಿಷನ್ ಕೇಳುತ್ತಿದ್ದಾರೆ ಅನ್ನಿಸಿದರೆ ಪರ, ವಿರೋಧ ಇರುವವರನ್ನು ಎದ್ದು ನಿಲ್ಲಿಸಿ ತಲೆ ಎಣಿಸಬಹುದು. ಆಗಲೂ ಹೆಸರು ಬರೆದುಕೊಳ್ಳುವುದಿಲ್ಲ.

ಡಿವಿಷನ್ ಹೇಗಿರುತ್ತದೆ ಅಂತ ತಿಳಿಯಲು 2024ರ ಡಿಸೆಂಬರ್ 17ರ ವಿಡಿಯೋ ನೋಡಿ. ಅವತ್ತು ನಮ್ಮಲ್ಲಿ ಎಂಟು ಜನ ಸುಲಿಯಲು ಬಂದಿದ್ದರು, ಫೋನಿನ ಧ್ವನಿ ಪೂರ್ತಿ ಏರಿಸಿ ಇಟ್ಟಿದ್ದೆ. ಕಾನೂನು ಮಂತ್ರಿ ಅರ್ಜುನ್ ರಾಮ್ ಮೇಘವಾಲ್ ಒಂದು ದೇಶ ಒಂದು ಚುನಾವಣೆಯ ಸಂವಿಧಾನ ತಿದ್ದುಪಡಿ ಮಸೂದೆ ಮಂಡಿಸಲು ಎದ್ದರು. ವಿರೋಧ ಪಕ್ಷದವರು ಮಂಡನೆಯನ್ನೇ ವಿರೋಧಿಸಿ ಡಿವಿಷನ್ ಕೇಳಿದರು. ಹೊಸ ಸಂಸತ್ ಭವನದ ಲೋಕಸಭೆಯಲ್ಲಿ ಯಂತ್ರದ ಮತದಾನ ಅದೇ ಮೊದಲು. 2023ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಮೀಸಲಾತಿಗೆ 454 ಪರ, 2 ವಿರೋಧ ಬಂದದ್ದು ಚೀಟಿಯಲ್ಲಿ. ಯಂತ್ರದಲ್ಲಿ ಹಸಿರು ಅಂದರೆ ಪರ, ಕೆಂಪು ವಿರೋಧ, ಹಳದಿ ಅಂದರೆ ಎರಡೂ ಅಲ್ಲ. ಒತ್ತಿದ್ದೂ ಆಯಿತು, ಪರದೆ ಮೇಲೆ ಬಂತು: 220 ಪರ, 149 ವಿರೋಧ. ಸುಲಿಯುವ ಹೆಂಗಸರಲ್ಲಿ ಒಬ್ಬಳು, 'ಅಷ್ಟೇನಾ? ಉಳಿದವರು ಎಲ್ಲಿಗೆ ಹೋದರು?' ಅಂದಳು. ಎಲ್ಲಿಗೂ ಹೋಗಿರಲಿಲ್ಲ. ಗುಂಡಿ ಸರಿಯಾಗಿ ಒತ್ತದವರು, ತಪ್ಪು ಒತ್ತಿದವರು ಚೀಟಿ ಕೇಳಬಹುದು. ಚೀಟಿ ಎಲ್ಲ ಎಣಿಸಿದ ಮೇಲೆ 269 ಪರ, 198 ವಿರೋಧ ಆಯಿತು. ಹಾಗಾಗಿ ಪರದೆಯ ಮೊದಲ ಅಂಕಿ ನೋಡಿ ಯಾರಿಗೂ ಫೋನ್ ಮಾಡಬೇಡಿ. ಫಲಿತಾಂಶದ ಜೊತೆ ಸ್ಪೀಕರ್ ಈ ಅಂಕಿ 'ಸರಿಪಡಿಸುವುದಕ್ಕೆ ಒಳಪಟ್ಟು' ಅನ್ನುವುದು ಇದಕ್ಕೇ.

ಇನ್ನು ಅಂಕಿಯನ್ನು ಓದುವ ಬಗೆ. ಮಾಮೂಲಿ ಮಸೂದೆಗೆ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಒಂದು ಜಾಸ್ತಿ ಸಾಕು. ಸಂವಿಧಾನ ತಿದ್ದುಪಡಿಯ ಮಂಡನೆಗೂ ಅಷ್ಟೇ ಸಾಕು. ಆದರೆ ಅದನ್ನು ಅಂಗೀಕರಿಸಲು ಎರಡು ಲೆಕ್ಕ ಕೂಡಬೇಕು: ಸದನದ ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚು, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು. ಅವತ್ತು ಮತ ಹಾಕಿದವರು 467. ಮೂರನೇ ಎರಡು ಅಂದರೆ 312. ಬಂದದ್ದು 269. ಮಂಡನೆಯಾಯಿತು, ಆದರೆ ಅಂಗೀಕಾರಕ್ಕೆ ಆ ಬಲ ಸಾಲದು. ಮಸೂದೆ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಅಂದಹಾಗೆ 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರಕ್ಕೆ ವಿಶ್ವಾಸಮತದಲ್ಲಿ ಸಿಕ್ಕಿದ್ದೂ 269. ಎದುರಿಗೆ 270 ಇದ್ದವು, ಒಂದೇ ಮತಕ್ಕೆ ಸರ್ಕಾರ ಬಿತ್ತು.

ಸಮಸಮ ಬಂದರೆ ಮಾತ್ರ ಸ್ಪೀಕರ್ ಮತ ಹಾಕುತ್ತಾರೆ. ಇನ್ನು, ಸದಸ್ಯರು ತಮಗೆ ತೋಚಿದ ಹಾಗೆ ಮತ ಹಾಕುತ್ತಾರೆ ಅಂದುಕೊಳ್ಳಬೇಡಿ. ಪಕ್ಷ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಆದೇಶ, ಕೊಟ್ಟಿದ್ದರೆ ಮೀರುವುದು ಕಷ್ಟ, 1985ರಲ್ಲಿ ಬಂದ ಪಕ್ಷಾಂತರ ನಿಷೇಧದಡಿ ಸದಸ್ಯತ್ವವೇ ಹೋಗಬಹುದು. ವಿಪ್ ಬಂದಿದೆ ಅಂತ ಪೇಪರಿನಲ್ಲಿ ಓದಿದರೆ ಅವತ್ತು ಡಿವಿಷನ್ ಇರಬಹುದು ಅಂತ ನಾನು ಬ್ಯಾಟರಿ ಪೂರ್ತಿ ತುಂಬಿಸಿಕೊಳ್ಳುತ್ತೇನೆ. 2025ರ ಏಪ್ರಿಲ್ 2ರಂದು ವಕ್ಫ್ ಮಸೂದೆ ಮಧ್ಯಾಹ್ನ ಶುರುವಾಗಿ ನಡುರಾತ್ರಿ ದಾಟಿದ ಮೇಲೆ 288-232ಕ್ಕೆ ಮುಗಿಯಿತು. ನಮ್ಮ ಮನೆಯಲ್ಲಿ ಕರೆಂಟ್ ಹೋಗಿ, ಕೊನೆಯ ಅರ್ಧ ಗಂಟೆ ಕಂಬಳಿಯೊಳಗೆ ಫೋನ್ ಇಟ್ಟುಕೊಂಡು ಕೇಳಿದೆ.

ಹೋಗಿ ನೋಡಬೇಕು ಅನ್ನುವವರಿಗೆ ಸಂಸದರ ಮೂಲಕ ಪಾಸ್ ಸಿಗುತ್ತದೆ. ಆದರೆ ಫೋನ್, ಚೀಲ ಒಳಗೆ ಬಿಡುವುದಿಲ್ಲ. 2023ರ ಡಿಸೆಂಬರ್ 13ರಂದು ಇಬ್ಬರು ಗ್ಯಾಲರಿಯಿಂದ ಸದನದೊಳಗೆ ಹಾರಿದ ಮೇಲೆ ತಪಾಸಣೆ ಇನ್ನೂ ಬಿಗಿ. ನನಗೆ ಮನೆಯೇ ವಾಸಿ.

ಹೆಸರು ಹುಡುಕುವುದು ಕೊನೆಯ ಕೆಲಸ. ಡಿವಿಷನ್ ಆದ ದಿನದ ನಡಾವಳಿ ವೆಬ್‌ಸೈಟಿನಲ್ಲಿ ಚರ್ಚೆಗಳ ಭಾಗಕ್ಕೆ ಬರುತ್ತದೆ. ಅದೇ ದಿನ ಸಿಗದಿದ್ದರೆ ಕೆಲವು ದಿನ ಬಿಟ್ಟು ನೋಡಿ. ಅದರಲ್ಲಿ ಪರ, ವಿರೋಧ ಅಂತ ಎರಡು ಪಟ್ಟಿ ಇರುತ್ತದೆ, ಚೀಟಿಯಲ್ಲಿ ಮತ ಹಾಕಿದವರಿಗೆ ಬೇರೆ ಗುರುತು. ಕರ್ನಾಟಕದವರು 28 ಜನ. ಒಂದು ಹಾಳೆಯಲ್ಲಿ ಅವರ ಹೆಸರು ಬರೆದಿಟ್ಟುಕೊಂಡು ಒಂದೊಂದೇ ಟಿಕ್ ಹಾಕಿ. ಎರಡೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅವತ್ತು ಬಂದಿರಲಿಲ್ಲವೋ, ಬಂದೂ ಮತ ಹಾಕಲಿಲ್ಲವೋ, ಅದನ್ನು ಅವರನ್ನೇ ಕೇಳಿ. ನನ್ನ ಹಾಳೆ ಚೊಗರು ಹತ್ತಿ ಕೆಂಪಾಗಿದೆ, ಭಾವ ಬಂದಾಗ ತೋರಿಸಲು ಅಂತ ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿಟ್ಟಿದ್ದೇನೆ.