ವೆಲ್ಷ್ ಕೇಕಿಗೆ ಕಾವಲಿ ಕಾದಿದೆಯಾ ಅಂತ ನೋಡುವ ಬಗೆ

ವೆಲ್ಷ್ ಕೇಕ್ ಅಂದರೆ ಬ್ರಿಟನ್ನಿನ ವೇಲ್ಸ್ ನಾಡಿನ, ಕಾವಲಿ ಮೇಲೆ ಬೇಯಿಸುವ ಚಪ್ಪಟೆ ಸಿಹಿ ತಿಂಡಿ. ಅದನ್ನು ಮಾಡುವವರು ಕಾವಲಿಯ ಬಿಸಿಯನ್ನು ನೀರು ಚಿಮುಕಿಸಿ ನೋಡಬೇಡಿ, ಒಂದು ಚಿಟಿಕೆ ಮೈದಾ ಉದುರಿಸಿ ನೋಡಿ. ಮೈದಾ ನಿಧಾನಕ್ಕೆ, ಒಂದು ನಿಮಿಷದ ಹೊತ್ತಿಗೆ ತಿಳಿ ಕಂದು ಬಣ್ಣಕ್ಕೆ ಬಂದರೆ ಕಾವು ಸರಿ. ಹಾಕಿದ ಕೂಡಲೇ ಕಪ್ಪಾದರೆ ಉರಿ ಇಳಿಸಿ. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಕೇಕ್ ಹಾಕಿ. ನೀರು ಚುರ್ ಅನ್ನುವ ಬಿಸಿ ದೋಸೆಗೆ ಸರಿ, ಇದಕ್ಕೆ ಜಾಸ್ತಿ. ಹಿಟ್ಟಿನಲ್ಲಿ ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ ಎಲ್ಲಾ ಇರುತ್ತಲ್ವಾ, ಹೊರಗೆ ಸೀದುಹೋಗಿ ಒಳಗೆ ಹಸಿಯೇ ಉಳಿಯುತ್ತದೆ. ಸೌತ್ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ ಇದನ್ನು ಓವನ್ನಿನಲ್ಲಿ ಅಲ್ಲ, ದಪ್ಪ ಕಬ್ಬಿಣದ ಹಂಚಿನ ಮೇಲೆ ಬೇಯಿಸುತ್ತಿದ್ದರು. ಸುಲಭಕ್ಕೆ ಪುಡಿಯಾಗದ ತಿಂಡಿ, ಹಾಗಾಗಿ ಗಣಿಗೆ ಇಳಿಯುವವರ ಡಬ್ಬಿಗೂ ಹೋಗುತ್ತಿತ್ತು. ನಮ್ಮ ಬೀಡು ಕಬ್ಬಿಣದ ಕಾವಲಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ತೆಳು ತವಾದಲ್ಲಿ ಈ ಪರೀಕ್ಷೆ ನಂಬಬೇಡಿ, ಮೈದಾ ಸರಿಯಾಗಿ ಕಂಡರೂ ಕೇಕ್ ಹಾಕುವಷ್ಟರಲ್ಲಿ ಕಾವು ಬದಲಾಗಿರುತ್ತದೆ. ನಾನ್‌ಸ್ಟಿಕ್ ಅನ್ನಂತೂ ಖಾಲಿ ಕಾಯಿಸಲೇಬೇಡಿ. ಅರ್ಧ ಇಂಚಿಗಿಂತ ದಪ್ಪ ಲಟ್ಟಿಸಿದರೂ ಕಷ್ಟ, ಕಾವು ಸರಿ ಇದ್ದರೂ ನಡುವೆ ಹಿಟ್ಟು ಹಿಟ್ಟಾಗೇ ಇರುತ್ತದೆ. ಇನ್ನೊಂದು ಮಾತು, ಈರುಳ್ಳಿ ಉಜ್ಜಿ ಪಳಗಿಸಿದ ಕಾವಲಿ ಆದರೆ ಮೊದಲ ಕೇಕಿಗೆ ಆ ವಾಸನೆ ಹತ್ತುತ್ತದೆ. ಅದನ್ನು ನೆಂಟರಿಗೆ ಕೊಡಬೇಡಿ.