ಬಿಸಿಲಿನಿಂದ ದನಿ, ದನಿಯಿಂದ ಕರೆಂಟು

ವಿಜಯಪುರದಲ್ಲಿ ಬಿಸಿಲಿಗೆ ಬರವಿಲ್ಲ. ಆದರೂ ವಿಜ್ಞಾನ ಮೇಳಗಳಲ್ಲಿ ಮಕ್ಕಳು ತಂದಿಡುವ, ಬಿಸಿಲಿನ ಕಾವಿನಿಂದ ದನಿ ಹೊರಡಿಸುವ ಈ ಎಂಜಿನ್ನು ಬಹಳ ಸಲ ಮೂಕವಾಗಿ ಕೂತಿರುವುದನ್ನು ಕಂಡಿದ್ದೇನೆ. ತಪ್ಪು ಬಿಸಿಲಿನದಲ್ಲ, ಅದರ ಗಾಜಿನ ಕೊಳವೆಗೆ ಉಕ್ಕಿನ ನಾರು ತುಂಬಿದ ಕೈಯದು.

ಬೇಕಾದದ್ದು ಇಷ್ಟು: 20 ಸೆಂ.ಮೀ. ಉದ್ದ, 25 ಮಿ.ಮೀ. ದಪ್ಪದ ಪ್ರನಾಳ (ಟೆಸ್ಟ್ ಟ್ಯೂಬ್), ಬಿಸಿಲನ್ನು ಒಂದೆಡೆ ಕೂಡಿಸುವ ಹಾಳೆಯಂಥ ಎ4 ಅಳತೆಯ ಫ್ರೆಸ್ನೆಲ್ ಲೆನ್ಸ್, ಸ್ಟೀಲ್ ವುಲ್ ಎಂಬ ಉಕ್ಕಿನ ನಾರು, ಸಣ್ಣ ಸ್ಪೀಕರ್. ಪ್ರನಾಳ ಕಾವು ತಾಳುವ ಬೋರೋಸಿಲಿಕೇಟ್ ಗಾಜಿನದೇ ಇರಲಿ. ಅಗ್ಗದ ಗಾಜು ಕಾವಿಗೆ ಠಪ್ಪೆಂದು ಸೀಳುತ್ತದೆ. ಪಾತ್ರೆ ತಿಕ್ಕುವ ಒರಟು ನಾರು ಬೇಡವೇ ಬೇಡ. ಕೂದಲಿನಂಥ ಎಳೆಗಳ ನಾರನ್ನು ಬಣ್ಣದ ಅಂಗಡಿಯಲ್ಲಿ ಕೇಳಿ.

ಈಗ ನಾರು. ಒತ್ತಿಕೊಂಡ ಗಾಳಿಗೆ ಕಾವು ಕೊಟ್ಟು, ಹಿಗ್ಗಿದಾಗ ಕಾವು ತೆಗೆದರೆ ಕಂಪನ ಬೆಳೆಯುತ್ತದೆ ಎಂದು 1878ರಲ್ಲಿ ಬ್ರಿಟಿಷ್ ವಿಜ್ಞಾನಿ ಲಾರ್ಡ್ ರೇಲಿ ವಿವರಿಸಿದರು. ಪಂಚಮಿ ಜೋಕಾಲಿಯನ್ನು ಹೊತ್ತು ನೋಡಿ ತಳ್ಳಿದ ಹಾಗೆ. ಆ ಕೊಡು-ಕೊಳ್ಳುವಿಕೆ ನಡೆಯುವುದು ಎಳೆಯಿಂದ ಸುಮಾರು 0.1 ಮಿ.ಮೀ. ದೂರದೊಳಗೆ. ನಾರು ಸಡಿಲಾದರೆ ಗಾಳಿಗೆ ಕಾವು ತಾಗದು, ಬಿಗಿಯಾದರೆ ಗಾಳಿಯೇ ಆಡದು. ಅದಕ್ಕೇ ಮೊದಲು ಪ್ರನಾಳದಷ್ಟೇ ದಪ್ಪದ ಕಾಗದದ ಕೊಳವೆ ಸುತ್ತಿ, 3 ಸೆಂ.ಮೀ. ನಾರು ತುಂಬಿ ಊದಿ ನೋಡಿ. ಆಚೆ ಹಿಡಿದ ಅಂಗೈಗೆ ಉಸಿರು ಮೆಲ್ಲಗೆ ತಾಗಬೇಕು. ಅಷ್ಟೇ ನಾರನ್ನು ಪ್ರನಾಳಕ್ಕೆ ಇಳಿಸಿ. ಮುಚ್ಚಿದ ತುದಿಯ ಕಡೆ 6 ಸೆಂ.ಮೀ. ಖಾಲಿ ಬಿಡಿ. ಪೆನ್ಸಿಲ್ಲಿನಿಂದ ಗುದ್ದಬೇಡಿ, ನಡುವೆ ಗಂಟು ಕಟ್ಟುತ್ತದೆ.

ಮುಚ್ಚಿದ ತುದಿ ತುಸು ಮೇಲಿರುವಂತೆ ಪ್ರನಾಳವನ್ನು ಓರೆಯಾಗಿ ಕಟ್ಟಿ. ಆ ತುದಿಯನ್ನು ನೋಡುವ ನಾರಿನ ಮುಖಕ್ಕೆ ಲೆನ್ಸಿನ ಬೆಳಕು ಉಗುರಿನಗಲ ಬೀಳಲಿ. ಚುಕ್ಕೆಯಾದರೆ ಎಳೆ ಸುಡುತ್ತದೆ. ನಾರಿನ ಇನ್ನೊಂದು ಮುಖದ ಬಳಿ ಹೊರಗೆ ಒದ್ದೆ ಬಟ್ಟೆ ಸುತ್ತಿ. ಬಿಸಿ ಭಾಗಕ್ಕೆ ತಾಗಿದರೆ ಗಾಜು ಒಡೆಯುತ್ತದೆ. ವೆಲ್ಡಿಂಗ್ ಕನ್ನಡಕ ಕಡ್ಡಾಯ. ಮಾಳಿಗೆಯ ಮೇಲೆ ಕಣಿಕಿ ಒಟ್ಟಿದ್ದರೆ ಅಲ್ಲಿ ಈ ಕೆಲಸ ಬೇಡ.

ಕೆಲ ನಿಮಿಷ ಕಾದು ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಹಾರ್ಮೋನಿಯಂನ ಬಿಳಿ ಆರರ ಆಸುಪಾಸಿನ ಸ್ವರ ಏಳುತ್ತದೆ, ಸುಮಾರು 430 ಹರ್ಟ್ಸ್.

ದನಿಗೆ ಅದುರಿ ಕರೆಂಟು ಹುಟ್ಟಿಸಲೆಂದು ಪ್ರನಾಳದ ಬಾಯಿಯೆದುರು ಸ್ಪೀಕರ್ ಹಿಡಿಯಿರಿ, ಬಾಯಿ ಪೂರ್ತಿ ಮುಚ್ಚಬೇಡಿ. ಮುಚ್ಚಿದರೆ ದನಿ ಸಾಯುತ್ತದೆ. ಅದುರಿದರೆ ಕರೆಂಟು ಕೊಡುವ ಪೀಜೋ ಬಿಲ್ಲೆಗಿಂತ ಸ್ಪೀಕರೇ ಮೇಲು: ಇಷ್ಟು ತಗ್ಗಿನ ಸ್ವರಕ್ಕೆ ಬಿಲ್ಲೆ ಸರಿಯಾಗಿ ಸ್ಪಂದಿಸದು. ಸ್ಪೀಕರಿನ ತಂತಿಗೆ ಜೋಡಿಸಿದ ಮಲ್ಟಿಮೀಟರ್ ಎ.ಸಿ. ಮಿಲಿವೋಲ್ಟ್‌ನಲ್ಲಿರಲಿ. ಕೆಂಪು ಎಲ್‌ಇಡಿಗೆ 2 ವೋಲ್ಟ್ ಹತ್ತಿರ ಬೇಕು. ವೋಲ್ಟ್ ಏರಿಸಲು ಹಳೆ ರೇಡಿಯೊದ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ತಿರುವುಮುರುವಾಗಿ ಜೋಡಿಸಿ ನೋಡಿ. ಮುಗಿದ ಮೇಲೆ ಮೊದಲು ಲೆನ್ಸಿಗೆ ಗೋಣಿಚೀಲ ಹೊದಿಸಿ, ಆಮೇಲೆ ಪ್ರನಾಳ ಮುಟ್ಟಿ.